ಜಾಮೀನು ಸಿಕ್ಕರೂ ಹೊರಗೆ ಬಾರದ ತಮ್ಮ: ಕಾನೂನು ನೆರವಿನ ಸ್ವಯಂಸೇವಕರ ಸೇವೆ ಹೇಗಿತ್ತು

ತಮ್ಮನಿಗೆ ಜಾಮೀನು ಆದೇಶವಾಗಿ ಎಂಟು ದಿನ ಕಳೆದಿತ್ತು. ಅವನು ಇನ್ನೂ ಜೈಲಿನಲ್ಲೇ ಇದ್ದ. ದಾವಣಗೆರೆಯ ನಿಟ್ಟುವಳ್ಳಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಮದುಮಗಳೊಬ್ಬಳ ರವಿಕೆಗೆ ಹುಕ್ಕು ಹಾಕುತ್ತಾ ಕುಳಿತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. "ಅಕ್ಕಾ, ನಾನು ಕಾನೂನು ನೆರವಿನ ಸ್ವಯಂಸೇವಕ. ನಿಮ್ಮ ತಮ್ಮನಿಗೆ ಜಾಮೀನುದಾರರು ಸಿಗಲಿಲ್ಲವೇ?" ಎಂದರು. ಇವರೂ ದುಡ್ಡು ಕೇಳುವವರೇ ಇರಬೇಕೆಂದು ಫೋನ್ ಇಟ್ಟುಬಿಟ್ಟೆ. ಅವರು ಮತ್ತೆ ಮಾಡಿದರು. "ಒಂದು ರೂಪಾಯಿಯೂ ಬೇಡ ಅಕ್ಕಾ. ನಾಳೆ ಹತ್ತೂವರೆಗೆ ಕೋರ್ಟಿನ ಹತ್ತಿರ ಬನ್ನಿ, ಜಾಮೀನು ಆದೇಶದ ಪ್ರತಿ ತನ್ನಿ" ಎಂದರು.

ಇಂಥ ಸೇವೆಯೊಂದು ಇದೆ ಎಂಬುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮಂಥ ಇನ್ನೊಂದು ಮನೆಯವರಿಗಾದರೂ ಮೊದಲೇ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಜಗಳೂರು ತಾಲ್ಲೂಕಿನಲ್ಲಿದೆ. 2023ರ ಡಿಸೆಂಬರಿನಲ್ಲಿ ಹೊಲದ ಬದುವಿನ ಜಗಳದಲ್ಲಿ ಒಬ್ಬರ ತಲೆಗೆ ಪೆಟ್ಟಾಯಿತು. ತಮ್ಮನ ಮೇಲೆ ಕೊಲೆ ಯತ್ನದ ಪ್ರಕರಣ ದಾಖಲಾಯಿತು. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ನ್ಯಾಯಾಲಯ ಹೇಳಬೇಕು, ನಾನು ಹೇಳುವುದಿಲ್ಲ. ಬಂಧನವಾದ ವಾರದಲ್ಲೇ ನನ್ನ ಕೊರಳ ಸರ ಅಡವಿಟ್ಟು ವಕೀಲರ ಶುಲ್ಕ ಕಟ್ಟಿದೆವು. ಬಂಧನದಲ್ಲಿರುವವರು ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಅವರಿಗೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲೇ ಇದೆಯಂತೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಅಷ್ಟೆ. ಅದನ್ನು ನನಗೆ ಮೊದಲು ಹೇಳಿದ್ದು ಈ ಸ್ವಯಂಸೇವಕರೇ. ಅಷ್ಟರಲ್ಲಿ ಸರ ಅಡವಿನ ಅಂಗಡಿ ಸೇರಿ ಎರಡು ತಿಂಗಳಾಗಿತ್ತು. ಈಗಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಅವರು ನನಗೆ ಫೋನ್ ಮಾಡಿದ್ದು ಹೇಗೆಂದು ಮಾರನೆಯ ದಿನ ತಿಳಿಯಿತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಒಂದು ನಿರ್ದೇಶನ ಕೊಟ್ಟಿದೆ. ಜಾಮೀನು ಸಿಕ್ಕ ಮೇಲೂ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಕೈದಿಯ ನೆರವಿಗೆ ಒಬ್ಬ ಸ್ವಯಂಸೇವಕರನ್ನೋ ಜೈಲಿಗೆ ಭೇಟಿ ಕೊಡುವ ವಕೀಲರನ್ನೋ ಕಳಿಸಬಹುದು. ನಮ್ಮ ಪಾಲಿಗೆ ಬಂದವರಿಗೆ ಸುಮಾರು ಐವತ್ತು ವರ್ಷ. ಹೆಗಲಿಗೆ ಬಟ್ಟೆಯ ಚೀಲ, ಜೇಬಿನಲ್ಲಿ ಎರಡು ಪೆನ್ನು. ಇವರೇ ಹಿಂದೊಮ್ಮೆ ಹನ್ನೊಂದು ತಿಂಗಳು ವಿಚಾರಣಾಧೀನ ಕೈದಿಯಾಗಿದ್ದು, ಆಮೇಲೆ ಖುಲಾಸೆಯಾದವರು. ಅದನ್ನು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದರು. ಈ ಅರೆ ಕಾನೂನು ಸ್ವಯಂಸೇವಕರ ಯೋಜನೆಯಲ್ಲಿ, ದೀರ್ಘ ಶಿಕ್ಷೆ ಅನುಭವಿಸುತ್ತಿರುವ, ಓದು ಬಲ್ಲ, ನಡತೆ ಒಳ್ಳೆಯದಿರುವ ಕೈದಿಗಳನ್ನೇ ತರಬೇತಿ ಕೊಟ್ಟು ಜೈಲಿನೊಳಗೆ ಬಳಸಿಕೊಳ್ಳುವುದಕ್ಕೂ ಅವಕಾಶವಿದೆಯಂತೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ನೋವು ಉಂಡವರಿಗೇ ಅದರ ರುಚಿ ಗೊತ್ತು.

ಜಾಮೀನುದಾರರ ತೊಡಕು ದೊಡ್ಡದಿತ್ತು. ನ್ಯಾಯಾಲಯ ಒಂದು ಲಕ್ಷ ರೂಪಾಯಿಯ ಬಾಂಡು ಮತ್ತು ಒಬ್ಬ ಜಾಮೀನುದಾರರನ್ನು ಕೇಳಿತ್ತು. ನಮ್ಮ ಸೋದರಮಾವನಿಗೆ ಎರಡು ಎಕರೆ ಹೊಲವಿದೆ. ಪಹಣಿ ಕೊಡಲು ಅವರು ಹೆದರಿದರು. ಆ ವಾರದಲ್ಲೇ ಒಬ್ಬ ದಲ್ಲಾಳಿ ಬಂದು, "ಹದಿನೈದು ಸಾವಿರ ಕೊಡಿ, ಪಹಣಿ, ಆಧಾರ್ ಎಲ್ಲ ಇರುವ ಮನುಷ್ಯನನ್ನೇ ನಿಲ್ಲಿಸುತ್ತೇನೆ" ಎಂದಿದ್ದ. ನಾನು ಹೂಂ ಅನ್ನುವುದರಲ್ಲಿದ್ದೆ. ಸ್ವಯಂಸೇವಕರು ಅದನ್ನು ಕೇಳಿ ಗಟ್ಟಿಯಾಗಿಯೇ ಬೈದರು. ಬಾಡಿಗೆ ಜಾಮೀನಿನ ದಾಖಲೆ ಸುಳ್ಳೆಂದು ಗೊತ್ತಾದರೆ ತಮ್ಮನ ಜಾಮೀನು ಹೋಗುವುದಲ್ಲದೆ ನನ್ನ ಮೇಲೂ ಪ್ರಕರಣ ಬೀಳಬಹುದೆಂದರು. ಆಮೇಲೆ ನನ್ನ ಜೊತೆ ಬಸ್ಸು ಹತ್ತಿ ಊರಿಗೇ ಬಂದರು. ಮಾವನ ಮನೆಯ ಜಗುಲಿಯ ಮೇಲೆ ಕುಳಿತು, "ಯಜಮಾನರೇ, ಹುಡುಗ ತಪ್ಪಿಸಿಕೊಂಡರೆ ಮಾತ್ರ ಬಾಂಡಿನ ಮೊತ್ತಕ್ಕೆ ನೀವು ಹೊಣೆ. ನಾಳೆ ಅವನ ಮೇಲೆ ನಂಬಿಕೆ ಹೋಯಿತು ಅನ್ನಿ, ನನ್ನನ್ನು ಈ ಹೊಣೆಯಿಂದ ಬಿಡಿಸಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು" ಎಂದು ವಿವರಿಸಿದರು. ಹೊಣೆಯಿಂದ ಬಿಡಿಸಿಕೊಳ್ಳಬಹುದು ಎಂಬ ಆ ಮಾತಿಗೆ ಮಾವ ಒಪ್ಪಿದರು. ಅವರಿಗೆ ಬೇಕಾಗಿದ್ದುದು ಅಷ್ಟೇ. ನಾವು ಎಂಟು ದಿನ ಅಳುತ್ತಾ ಕಾಲು ಹಿಡಿದಿದ್ದೆವೇ ಹೊರತು ಯಾರೂ ಅವರಿಗೆ ವಿಷಯ ಬಿಡಿಸಿ ಹೇಳಿರಲಿಲ್ಲ. ಹದಿಮೂರನೆಯ ದಿನ ಸಂಜೆ ತಮ್ಮ ಹೊರಗೆ ಬಂದ.

ಅಲ್ಲಿಗೇ ಅವರ ಕೆಲಸ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಮನೆಗೆ ಬಂದ ತಮ್ಮ ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಗೋಡೆಗೆ ಒರಗಿ ನಿಂತಿರುತ್ತಿದ್ದ. ಊಟದ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೇಗ ಬೇಗ ತಿನ್ನುತ್ತಿದ್ದ. ನಾನು ಒಂದೆರಡು ಸಲ ಗದರಿದೆ. ಹದಿನೈದು ದಿನ ಬಿಟ್ಟು ಸ್ವಯಂಸೇವಕರು ಅಂಗಡಿಗೆ ಬಂದವರು ಮೊದಲು ಕೇಳಿದ್ದೇ, "ತಮ್ಮಾ, ದೀಪ ಹಾಕಿಕೊಂಡೇ ಮಲಗುತ್ತೀಯಾ?" ಎಂದು. ಅವನು ತಲೆ ಎತ್ತಿ ನೋಡಿದ. "ಒಳಗೆ ರಾತ್ರಿಯೆಲ್ಲ ದೀಪ ಉರಿಯುತ್ತಿರುತ್ತದೆ, ಬೆಳಿಗ್ಗೆ ಎಣಿಕೆಗೆ ಎದ್ದು ನಿಲ್ಲಬೇಕು. ನನಗೆ ಕತ್ತಲಲ್ಲಿ ಮಲಗುವುದು ಮತ್ತೆ ರೂಢಿಯಾಗಲು ನಾಲ್ಕು ತಿಂಗಳು ಹಿಡಿಯಿತು" ಎಂದರು. ತಮ್ಮ ಅಂದು ಅವರ ಮುಂದೆ ಒಂದು ಗಂಟೆ ಮಾತನಾಡಿದ. ನನ್ನ ಹತ್ತಿರ ಅಷ್ಟು ದಿನದಲ್ಲಿ ಹತ್ತು ಮಾತು ಆಡಿರಲಿಲ್ಲ. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಒಳಗೆ ಹೋಗಿ ಚಹಾ ಇಟ್ಟೆ.

ಕೋರ್ಟಿನ ರೀತಿ ನೀತಿಯನ್ನು ಅವನಿಗೆ ಅವರೇ ಕಲಿಸಿದರು. ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿ, ಪ್ರತಿ ವಾಯಿದೆಯ ದಿನಾಂಕ, ಆ ದಿನ ಏನಾಯಿತು, ಮುಂದಿನ ದಿನಾಂಕ ಯಾವುದು ಎಂದು ತಮ್ಮನ ಕೈಯಲ್ಲೇ ಬರೆಸಿದರು. ಹೆಸರು ಕೂಗಿದಾಗ ಹೊರಗೆ ಚಹಾ ಕುಡಿಯುತ್ತಾ ನಿಂತಿದ್ದರೆ ವಾರಂಟ್ ಆಗಬಹುದು, ಆದ್ದರಿಂದ ಹನ್ನೊಂದಕ್ಕೆ ಮುಂಚೆಯೇ ಒಳಗಿರಬೇಕು. ಜ್ವರ ಬಂದರೆ ಅಂದಿನ ಬೆಳಿಗ್ಗೆಯೇ ವಕೀಲರಿಗೆ ಹೇಳಿ ಹಾಜರಾತಿಯಿಂದ ವಿನಾಯಿತಿ ಕೇಳುವ ಅರ್ಜಿ ಹಾಕಿಸಬೇಕು. ಮುಂದಿನ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿ ನೋಡುವುದನ್ನು ನನಗೂ ಕಲಿಸಿದರು. ಒಂದು ಸಲ ನಮ್ಮ ವಕೀಲರು ಹೇಳಿದ ದಿನಾಂಕವೇ ತಪ್ಪಿತ್ತು. ಆ್ಯಪ್ ನೋಡದಿದ್ದರೆ ಅಂದು ತಮ್ಮ ಗೈರುಹಾಜರಾಗುತ್ತಿದ್ದ.

ಅವರು ಏನು ಮಾಡುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಪೆಟ್ಟು ತಿಂದವರ ಮನೆಯವರೂ ನಮ್ಮಂತೆಯೇ ಕೋರ್ಟಿನ ಮೊಗಸಾಲೆಯಲ್ಲಿ ಕುಳಿತಿರುತ್ತಾರೆ. ಅವರಲ್ಲೊಬ್ಬರು ನಾನು ಚಿಕ್ಕವಳಿದ್ದಾಗ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದ ಚಿಕ್ಕಮ್ಮ. ಒಮ್ಮೆ ಹೋಗಿ ಮಾತನಾಡಿ ಬರುತ್ತೀರಾ ಎಂದು ಸ್ವಯಂಸೇವಕರನ್ನು ಬೇಡಿಕೊಂಡೆ. ಖಂಡಿತ ಆಗುವುದಿಲ್ಲ ಎಂದರು. ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದೆಂಬ ಷರತ್ತು ಜಾಮೀನು ಆದೇಶದಲ್ಲೇ ಇದೆ, ನೀವೂ ಹೋಗಬೇಡಿ ಎಂದರು. ತಪ್ಪೊಪ್ಪಿಕೊಳ್ಳಬೇಕೇ ಬೇಡವೇ ಎಂದು ತಮ್ಮ ಕೇಳಿದಾಗಲೂ, "ಅದು ನೀನೂ ವಕೀಲರೂ ಮಾತನಾಡಿಕೊಳ್ಳಬೇಕಾದ ವಿಷಯ, ನಾನು ವಕೀಲನಲ್ಲ" ಎಂದು ಸುಮ್ಮನಾದರು. ಆಗ ನನಗೆ ಬೇಸರವಾಗಿತ್ತು. ಈಗ ಅವರ ಮೇಲೆ ನನಗಿರುವ ನಂಬಿಕೆಯಲ್ಲಿ ಅರ್ಧ ಪಾಲು ಆ ಎರಡು ನಿರಾಕರಣೆಗಳಿಂದಲೇ ಬಂದದ್ದು.

ಕೊರತೆಗಳೂ ಇವೆ. ಒಬ್ಬರೇ ಎಷ್ಟೋ ಮನೆಗಳಿಗೆ ಓಡಾಡುತ್ತಾರೆ. ಎರಡು ವಾಯಿದೆಗೆ ಬರುತ್ತೇನೆಂದು ಹೇಳಿ ಬರಲಾಗಲಿಲ್ಲ. ಅವತ್ತು ತಮ್ಮ ತುಂಬಾ ಅಳುಕಿದ್ದ. ಇನ್ನೊಂದು, ನನ್ನ ಕಷ್ಟ ಹೇಳಿಕೊಳ್ಳಲು ಒಬ್ಬ ಹೆಂಗಸು ಬೇಕಿತ್ತು. ಅಡವಿಟ್ಟ ಸರ, ಬೀದಿಯವರ ಮಾತು, ಗಂಡನ ಮನೆಯವರ ಮುನಿಸು, ಇವನ್ನೆಲ್ಲ ಗಂಡಸರ ಮುಂದೆ ಹೇಗೆ ಹೇಳುವುದು? ಜೈಲಿಗೆ ಹೋದವನ ಹಿಂದೆ ಮನೆಯಲ್ಲಿ ನಿಂತವರು ಹೆಚ್ಚಾಗಿ ಅಕ್ಕ, ತಾಯಿ, ಹೆಂಡತಿಯರೇ. ಈ ಹಾದಿ ನಡೆದ ಹೆಣ್ಣುಮಕ್ಕಳೂ ಸ್ವಯಂಸೇವಕರಾಗಿ ಬರಬೇಕು. ತರಬೇತಿಗೆ ಕರೆದರೆ ನಾನಂತೂ ಹೆಸರು ಕೊಡುತ್ತೇನೆ.

ನಿಮ್ಮ ಮನೆಯಲ್ಲಿ ಯಾರಾದರೂ ಬಂಧನದಲ್ಲಿದ್ದರೆ ವಾರಗಟ್ಟಲೆ ಕಾಯಬೇಡಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅದಕ್ಕೆ ದುಡ್ಡಿಲ್ಲ. ಇಲ್ಲವೇ ನ್ಯಾಯಾಲಯಕ್ಕೆ ಹೋಗಿ ಕಾನೂನು ಸೇವಾ ಪ್ರಾಧಿಕಾರ ಎಲ್ಲಿದೆಯೆಂದು ಕೇಳಿ. ಎಫ್‌ಐಆರ್ ಪ್ರತಿ, ಜಾಮೀನು ಆದೇಶವಾಗಿದ್ದರೆ ಅದರ ಪ್ರತಿ, ನಿಮ್ಮ ಆಧಾರ್ ಕಾರ್ಡ್ ಜೊತೆಗಿರಲಿ. ಹನ್ನೊಂದಕ್ಕೆ ಕಲಾಪ ಶುರುವಾದ ಮೇಲೆ ಎಲ್ಲರೂ ಅವಸರದಲ್ಲಿರುತ್ತಾರೆ, ಹತ್ತೂವರೆಗೇ ಹೋಗಿ. ಗೇಟಿನ ಬಳಿ ಯಾರಾದರೂ ತಾವಾಗಿ ಬಂದು ಜಾಮೀನು ಕೊಡಿಸುತ್ತೇನೆ ಎಂದರೆ ನಿಲ್ಲಬೇಡಿ, ನೇರ ಒಳಗೆ ಹೋಗಿ.