ಡಿಆರ್‌ಎಂ ಇಲ್ಲದ ಆಟಕ್ಕೆ ಲಾಂಚರ್ ಯಾಕೆ? ಎಂಟು ವರ್ಷ ಬಳಸಿದವನ ಲೆಕ್ಕ

ಈಗ ನನ್ನ ಕಂಪ್ಯೂಟರ್‌ನಲ್ಲಿ ಹನ್ನೊಂದು ಆಟ ಇವೆ. ಅದರಲ್ಲಿ ಮೂರಕ್ಕೆ ಮಾತ್ರ ಲಾಂಚರ್ ತೆರೆಯುತ್ತೇನೆ. ಲಾಂಚರ್ ಅಂದರೆ ಆಟಗಳನ್ನು ಇಳಿಸಿ, ಅಪ್‌ಡೇಟ್ ಮಾಡಿ, ಶುರುಮಾಡಿಕೊಡುವ ಆ್ಯಪ್. ಉಳಿದ ಎಂಟಕ್ಕೆ ಡೆಸ್ಕ್‌ಟಾಪ್ ಮೇಲೆ ಒಂದೊಂದು ಶಾರ್ಟ್‌ಕಟ್ ಇದೆ. ಡಬಲ್ ಕ್ಲಿಕ್ ಮಾಡಿದರೆ ಆಟ ಶುರು, ಅಷ್ಟೇ. ಎಂಟು ವರ್ಷದ ಹಿಂದೆ ಎಲ್ಲವನ್ನೂ ಲಾಂಚರ್‌ನಿಂದಲೇ ಆಡುತ್ತಿದ್ದೆ. ನಡುವೆ ಸಿಟ್ಟು ಬಂದು ಒಂದು ವರ್ಷ ಅದರ ಮುಖವನ್ನೇ ನೋಡಲಿಲ್ಲ. ಆಮೇಲೆ ಮೆಲ್ಲಗೆ ವಾಪಸ್ ಬಂದೆ, ಅರ್ಧ ಮನಸ್ಸಿನಿಂದ. ಈ ಮೂರು-ಎಂಟರ ಲೆಕ್ಕಕ್ಕೆ ಹೇಗೆ ಬಂದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಡಿಆರ್‌ಎಂ ಅಂದರೆ ಆಟದ ಬಾಗಿಲಲ್ಲಿ ಕೂತ ಕಾವಲುಗಾರ. ದುಡ್ಡು ಕೊಟ್ಟವರು ನೀವೇ ಹೌದಾ ಅಂತ ವಿಚಾರಿಸಿಯೇ ಒಳಗೆ ಬಿಡುತ್ತಾನೆ. ಆ ಕಾವಲುಗಾರ ಇಲ್ಲದ ಆಟಗಳಿಗೆ ಹೆಸರಾದ ಅಂಗಡಿ ಜಿಒಜಿ. ಹಳೆಯ ಆಟಗಳನ್ನು ಹೊಸ ಕಂಪ್ಯೂಟರ್‌ನಲ್ಲಿ ಓಡುವಂತೆ ಮಾಡಿ ಮಾರಲು 2008ರಲ್ಲಿ ಶುರುವಾಯಿತು. ಈಗ ಹೊಸ ಆಟಗಳೂ ಸಿಗುತ್ತವೆ. ಸಣ್ಣ ಸಣ್ಣ ತಂಡಗಳು ಮಾಡಿದ ಆಟ ಬೇಕಾದರೆ 2013ರಿಂದ ಇರುವ ಇಚ್ ಡಾಟ್ ಐಒ ಇದೆ. ಎರಡರಲ್ಲೂ ಫೈಲನ್ನು ಬ್ರೌಸರ್‌ನಿಂದಲೇ ಇಳಿಸಿಕೊಂಡು ನಿಮ್ಮ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ಎರಡಕ್ಕೂ ಲಾಂಚರ್ ಇದೆ, ಬೇಕಿದ್ದರೆ ಹಾಕಿಕೊಳ್ಳಿ ಅನ್ನುವ ಥರ. ಜಿಒಜಿಯ ಲಾಂಚರ್ ಹೆಸರು ಗ್ಯಾಲಕ್ಸಿ. ಅದರ ಬೀಟಾ, ಅಂದರೆ ಪರೀಕ್ಷೆಯ ಆವೃತ್ತಿ, 2015ರಲ್ಲಿ ಎಲ್ಲರಿಗೂ ಸಿಕ್ಕಿತು. ಮೂರನೆಯದು ಹೀರೋಯಿಕ್. ಅದು ಯಾವ ಅಂಗಡಿಯದ್ದೂ ಅಲ್ಲ, ಆಸಕ್ತರು ಸೇರಿ ಬರೆದ ಓಪನ್ ಸೋರ್ಸ್ ಲಾಂಚರ್. ಈ ಮೂರನ್ನೂ ಬಳಸಿದ್ದೇನೆ. ಇನ್ನೂ ಒಂದೆರಡನ್ನು ಹಾಕಿ ವಾರದಲ್ಲೇ ತೆಗೆದಿದ್ದೂ ಇದೆ.

ಬಹಳ ಜನರಿಗೆ ಒಂದು ತಪ್ಪು ತಿಳುವಳಿಕೆ ಇದೆ. ಲಾಂಚರ್‌ನಿಂದ ಇನ್‌ಸ್ಟಾಲ್ ಮಾಡಿದರೆ ಆಟ ಅದಕ್ಕೇ ಕಟ್ಟುಬೀಳುತ್ತದೆ ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಒಂದು ದಿನ ನೆಟ್ ಕೇಬಲ್ ಕಿತ್ತೆ. ಟಾಸ್ಕ್ ಮ್ಯಾನೇಜರ್ ತೆರೆದು ಲಾಂಚರ್‌ಗೆ ಸಂಬಂಧಪಟ್ಟ ಎಲ್ಲವನ್ನೂ ಒಂದೊಂದಾಗಿ ನಿಲ್ಲಿಸಿದೆ. ಆಮೇಲೆ ಆಟದ ಫೋಲ್ಡರ್‌ಗೆ ಹೋಗಿ ಆಟ ಶುರುಮಾಡುವ ಇಎಕ್ಸ್‌ಇ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಓಡಿತು. ಅವತ್ತು ಇಪ್ಪತ್ತು ಆಟಗಳನ್ನು ಹೀಗೇ ನೋಡಿದೆ, ಇಪ್ಪತ್ತೂ ಓಡಿದವು. ಫೋಲ್ಡರ್ ಒಳಗೆ ಗ್ಯಾಲಕ್ಸಿ ಹೆಸರಿನ ಡಿಎಲ್ಎಲ್ ಫೈಲ್ ಕಂಡು ಗಾಬರಿಯಾಗುವುದು ಬೇಡ. ಅದು ಆಟದಲ್ಲಿ ಗಳಿಸುವ ಪದಕದಂಥ ಸಾಧನೆಗಳಿಗೆ, ಆನ್‌ಲೈನ್ ಆಟಕ್ಕೆ ಇರುವ ಕೊಂಡಿ. ಲಾಂಚರ್ ಇಲ್ಲದಿದ್ದರೆ ಸುಮ್ನೆ ಇರುತ್ತದೆ. ಹೊಸದಾಗಿ ಈ ಕಡೆ ಬಂದವರು ಈ ಪರೀಕ್ಷೆಯನ್ನು ಒಮ್ಮೆ ತಾವೇ ಮಾಡಿ ನೋಡಿ. ಭಯ ಹೋಗುತ್ತದೆ.

ಹಾಗಾದರೆ ಲಾಂಚರ್ ಯಾಕೆ ಬೇಕು? ನನಗೆ ಮೊದಲ ಕಾರಣ ಅಪ್‌ಡೇಟ್. ಸೈಬರ್‌ಪಂಕ್ 2077 ನೋಡಿ. ಅದಕ್ಕೆ 70 ಜಿಬಿ ಜಾಗ ಬೇಕು ಅಂತ ಮಾಡಿದವರೇ ಹೇಳುತ್ತಾರೆ. 2020ರ ಡಿಸೆಂಬರ್‌ನಲ್ಲಿ ಬಂದ ಆಟ ಅದು. ಆಮೇಲೆ ವರ್ಷಗಟ್ಟಲೆ ರಿಪೇರಿ ನಡೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಅಂತೂ ಹೆಚ್ಚುಕಡಿಮೆ ಹೊಸ ಆಟವೇ. ಆಫ್‌ಲೈನ್ ಇನ್‌ಸ್ಟಾಲರ್, ಅಂದರೆ ಲಾಂಚರ್ ಇಲ್ಲದೆ ಆಟ ಹಾಕಿಕೊಳ್ಳುವ ಫೈಲ್, ಇಟ್ಟುಕೊಳ್ಳುವವರು ಇಂಥ ದೊಡ್ಡ ಬದಲಾವಣೆ ಬಂದಾಗ ಸಾಮಾನ್ಯವಾಗಿ ಆ ಮೂಟೆಯನ್ನು ಮತ್ತೆ ಮೊದಲಿನಿಂದ ಇಳಿಸಬೇಕು. ಲಾಂಚರ್ ಆದರೆ ಬದಲಾದ ಚೂರುಗಳನ್ನು ಮಾತ್ರ ತರುತ್ತದೆ. ಸಣ್ಣ ರಿಪೇರಿಗೆ ಅದು ಹೇಳುವಷ್ಟು ಡೌನ್‌ಲೋಡೇ ಅಲ್ಲ. ಇಚ್‌ನವರ ಆ್ಯಪ್ ಕೂಡ ಇದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಅಲ್ಲಿ ಜಿಪ್ ಫೈಲ್ ಕೈಯಲ್ಲಿ ಇಳಿಸುವವರಿಗೆ ಹೊಸ ಆವೃತ್ತಿ ಬಂದಿದ್ದೇ ಗೊತ್ತಾಗುವುದಿಲ್ಲ. ನನ್ನ ಬಳಿ ಒಂದು ಪುಟ್ಟ ಆಟದ ಮೂರು ಜಿಪ್ ಇದ್ದವು. ಮೂರಕ್ಕೂ ಒಂದೇ ಹೆಸರು, ಮುಂದೆ ಬ್ರಾಕೆಟ್‌ನಲ್ಲಿ 1, 2 ಅಂತ. ಯಾವುದು ಹೊಸದು ಅಂತ ದೇವರಿಗೇ ಗೊತ್ತು.

ಆದರೆ ನಾನು ಲಾಂಚರ್‌ಗೆ ವಾಪಸ್ ಬಂದದ್ದು ಮುಂದಕ್ಕೆ ಹೋಗಲಿಕ್ಕಲ್ಲ, ಹಿಂದಕ್ಕೆ ಹೋಗಲಿಕ್ಕೆ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 2022ರ ಡಿಸೆಂಬರ್ 14ರಂದು ದಿ ವಿಚರ್ 3 ಆಟಕ್ಕೆ 4.0 ಅಪ್‌ಡೇಟ್ ಬಂತು. ಚಿತ್ರ ಚೆನ್ನಾಯಿತು, ನಿಜ. ಆದರೆ ಕಂಪ್ಯೂಟರ್ ಬೇಡಿಕೆಯೂ ಏರಿತು. ಹಳೆಯ ಮಾಡ್‌ಗಳು, ಅಂದರೆ ಆಟವನ್ನು ಬದಲಿಸಲು ಆಡುವವರೇ ಮಾಡಿದ ಸೇರ್ಪಡೆಗಳು, ಸಾಲುಸಾಲಾಗಿ ಕೆಲಸ ನಿಲ್ಲಿಸಿದವು. ವರ್ಷಗಟ್ಟಲೆ ಜೋಡಿಸಿದ ಮಾಡ್ ಪಟ್ಟಿ ಇದ್ದವರಿಗೆ ಅದು ಬೇಡದ ಉಡುಗೊರೆ. ಗ್ಯಾಲಕ್ಸಿಯಲ್ಲಿ ಆಟದ ಸೆಟ್ಟಿಂಗ್‌ಗೆ ಹೋದರೆ ಹಳೆಯ 1.32ಕ್ಕೆ ಮರಳುವ ದಾರಿ ಇತ್ತು. ನಾನು ಅದನ್ನೇ ಆರಿಸಿ, ಆಟೋ ಅಪ್‌ಡೇಟ್ ಆಫ್ ಮಾಡಿ, ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಡೌನ್‌ಲೋಡ್ ಶುರುವಾಗಿತ್ತು. ನನ್ನ ಮಾಡ್‌ಗಳೆಲ್ಲ ಮತ್ತೆ ಸರಿ. ಆಫ್‌ಲೈನ್ ಇನ್‌ಸ್ಟಾಲರ್ ನಂಬಿದ್ದರೆ, ಹಳೆಯದನ್ನು ನಾನೇ ಮುಂಚೆ ಎತ್ತಿಟ್ಟುಕೊಂಡಿರಬೇಕಿತ್ತು. ಎತ್ತಿಟ್ಟುಕೊಂಡಿರಲಿಲ್ಲ.

ಸ್ಟಾರ್‌ಡ್ಯೂ ವ್ಯಾಲಿ ಆಡುವವರಿಗೂ ಇದು ಗೊತ್ತು. 2024ರ ಮಾರ್ಚ್‌ನಲ್ಲಿ 1.6 ಬಂದಾಗ ಎಷ್ಟೋ ಮಾಡ್‌ಗಳು ಅದಕ್ಕೆ ಹೊಂದಿಕೊಳ್ಳಲು ಸಮಯ ತೆಗೆದುಕೊಂಡವು. ಮಾಡ್ ಹಾಕುವವರು ಯಾವ ಲಾಂಚರ್ ಇರಲಿ, ಆಟೋ ಅಪ್‌ಡೇಟನ್ನು ಮೊದಲ ದಿನವೇ ಆಫ್ ಮಾಡಿ. ಗ್ಯಾಲಕ್ಸಿಯಲ್ಲಿ ಪ್ರತಿ ಆಟಕ್ಕೂ ಬೇರೆಬೇರೆಯಾಗಿ ಮಾಡಬಹುದು.

ಇನ್ನು ಸಿಟ್ಟು ಬಂದ ಕಥೆ. ಯಾವ ಲಾಂಚರ್ ಅಂತ ಹೇಳುವುದಿಲ್ಲ, ಕ್ಲೌಡ್ ಸೇವ್ ಇರುವ ಎಲ್ಲದರಲ್ಲೂ ಇದು ಆಗಬಹುದು. ಆಟ ಎಲ್ಲಿಗೆ ಬಂತು ಅಂತ ಉಳಿಸುವ ಫೈಲೇ ಸೇವ್, ಅದನ್ನು ಲಾಂಚರ್ ನೆಟ್ ಮೂಲಕ ಅಂಗಡಿಯ ಸರ್ವರ್‌ನಲ್ಲಿ ಇಡುವುದೇ ಕ್ಲೌಡ್ ಸೇವ್. ನನ್ನ ಬಳಿ ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್. ಒಂದು ದೊಡ್ಡ ಕಥೆಯ ಆಟ ನಡೀತಾ ಇತ್ತು. ಪ್ರಯಾಣದಲ್ಲಿ ನೆಟ್ ಇರಲಿಲ್ಲ. ಡಿಆರ್‌ಎಂ ಇಲ್ಲ ಅನ್ನುವ ಹೆಮ್ಮೆಯಿಂದ ಲಾಂಚರ್ ಮುಚ್ಚಿ, ಲ್ಯಾಪ್‌ಟಾಪ್‌ನಲ್ಲಿ ನೇರವಾಗಿ ಆಟ ತೆರೆದು ನಾಲ್ಕು ದಿನ ಆಡಿದೆ. ಹತ್ತು ಹನ್ನೊಂದು ಗಂಟೆಯ ಆಟ. ಅದು ಯಾವುದೂ ಕ್ಲೌಡ್‌ಗೆ ಹೋಗಲಿಲ್ಲ, ಹೋಗುವುದಾದರೂ ಹೇಗೆ? ಮನೆಗೆ ಬಂದ ರಾತ್ರಿ ಡೆಸ್ಕ್‌ಟಾಪ್‌ನಲ್ಲಿ ಹಳೆಯ ಸೇವ್ ತೆರೆದು, ಅಯ್ಯೋ ಇದಲ್ಲ ಅಂತ ಐದು ನಿಮಿಷದಲ್ಲಿ ಮುಚ್ಚಿದೆ. ಆ ಐದು ನಿಮಿಷ ಕ್ಲೌಡ್‌ಗೆ ಹೋಯಿತು. ಮರುದಿನ ಲ್ಯಾಪ್‌ಟಾಪ್‌ನಲ್ಲಿ ಲಾಂಚರ್ ತೆರೆದಾಗ ಒಂದು ಪುಟ್ಟ ಪೆಟ್ಟಿಗೆ ಬಂತು. ಕ್ಲೌಡ್‌ನಲ್ಲಿರುವುದು ಬೇಕಾ, ಈ ಕಂಪ್ಯೂಟರ್‌ನಲ್ಲಿರುವುದು ಬೇಕಾ? ಎರಡರ ಪಕ್ಕದಲ್ಲೂ ತಾರೀಖು ಇತ್ತು. ಕ್ಲೌಡ್‌ನ ತಾರೀಖು ಹೊಸದು. ಹೊಸದೇ ಸರಿ ಇರಬೇಕು ಅಂತ ಒತ್ತಿಬಿಟ್ಟೆ.

ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ ಎರಡು ಕಂಪ್ಯೂಟರ್ ಎರಡು ಕಡೆ ಎಳೆದಿದ್ದವು. ನಾನು ಕೈಯಾರೆ ತಪ್ಪು ಕಡೆಗೆ ಹಗ್ಗ ಬಿಟ್ಟೆ. ತಪ್ಪು ನನ್ನದೂ ಹೌದು. ಆದರೆ ಅಳಿಸುವ ಮುಂಚೆ ಹಳೆಯ ಸೇವನ್ನು ಒಂದು ಮೂಲೆಯಲ್ಲಿ ಎತ್ತಿಡುವುದು ಅಂಥ ದೊಡ್ಡ ಕೆಲಸವೇ? ಒಂದು ಸೇವ್ ಎಷ್ಟು ದೊಡ್ಡದಿರುತ್ತದೆ ಹೇಳಿ. ಆ ವರ್ಷವೇ ನಾನು ಎಲ್ಲ ಲಾಂಚರ್ ಕಿತ್ತು ಹಾಕಿದ್ದು.

ಈಗ ನಾನು ಮಾಡುವುದು ಇಷ್ಟು. ಕ್ಲೌಡ್ ಸೇವ್ ಆನ್ ಇದ್ದರೆ ಆ ಆಟವನ್ನು ಯಾವಾಗಲೂ ಲಾಂಚರ್‌ನಿಂದಲೇ ತೆರೆಯುತ್ತೇನೆ. ನೇರವಾಗಿ ತೆರೆಯುವ ಆಟಕ್ಕೆ ಕ್ಲೌಡ್ ಸೇವ್ ಆಫ್. ಎರಡನ್ನೂ ಬೆರೆಸುವುದಿಲ್ಲ. ಜೊತೆಗೆ ವಾರಕ್ಕೊಮ್ಮೆ ಸೇವ್ ಫೋಲ್ಡರನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡುತ್ತೇನೆ. ಸ್ಟಾರ್‌ಡ್ಯೂ ವ್ಯಾಲಿಯಂಥ ಆಟ ಹಿಂದಿನ ದಿನದ ಸೇವನ್ನು ತಾನೇ ಬೇರೆ ಹೆಸರಲ್ಲಿ ಇಟ್ಟುಕೊಳ್ಳುತ್ತದೆ, ಪುಣ್ಯಾತ್ಮರು. ಎಲ್ಲ ಆಟಗಳೂ ಹಾಗಿಲ್ಲ. ಕ್ಲೌಡ್‌ನಲ್ಲಿ ಜಾಗಕ್ಕೂ ಮಿತಿ ಇದೆ. ಜಿಒಜಿಯಲ್ಲಿ ಹೆಚ್ಚಿನ ಆಟಗಳಿಗೆ 200 ಎಂಬಿ. ಅದಕ್ಕಿಂತ ಜಾಸ್ತಿ ಇರುವ ಹಳೆಯ ಸೇವ್‌ಗಳನ್ನು 2024ರ ಆಗಸ್ಟ್ ಕೊನೆಯ ನಂತರ ತೆಗೆಯುತ್ತೇವೆ ಅಂತ ಅವರು ಮುಂಚೆಯೇ ಹೇಳಿದ್ದರು. ಪ್ರತಿ ಹತ್ತು ನಿಮಿಷಕ್ಕೆ ಹೊಸ ಸೇವ್ ಮಾಡುವ ನನ್ನಂಥವರಿಗೆ 200 ಎಂಬಿ ಬೇಗ ತುಂಬುತ್ತದೆ.

ಹಳೆಯ ಆಟಗಳಿಗೆ ಲಾಂಚರ್ ಬೇಡವೇ ಬೇಡ. ತೊಂಬತ್ತರ ದಶಕದ ಆಟ ಡಾಸ್‌ಬಾಕ್ಸ್ ಒಳಗೆ, ಅಂದರೆ ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಪ್ರೋಗ್ರಾಂ ಒಳಗೆ, ಓಡುತ್ತಿರುತ್ತದೆ. ಅದಕ್ಕೆ ಇನ್ನು ಏನು ಅಪ್‌ಡೇಟ್ ಬರಬೇಕು? ಒಂದು ಎಚ್ಚರಿಕೆ ಮಾತ್ರ. ಇಂಥ ಆಟಗಳಲ್ಲಿ ಎಷ್ಟೋ ಸಲ ಸೇವ್ ಫೈಲ್ ಆಟದ ಫೋಲ್ಡರ್ ಒಳಗೇ ಇರುತ್ತದೆ. ಜಾಗ ಬೇಕು ಅಂತ ಆಟ ತೆಗೆಯುವ ಮುಂಚೆ ಒಳಗೆ ಇಣುಕಿ ನೋಡಿ.

ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡುವವರಿಗೆ ಲಾಂಚರ್ ಐಚ್ಛಿಕ ಅನ್ನುವ ಮಾತು ಸ್ವಲ್ಪ ತೆಳುವಾಗುತ್ತದೆ. ಸ್ಟಾರ್‌ಡ್ಯೂ ವ್ಯಾಲಿಯ ಜಿಒಜಿ ಆವೃತ್ತಿಯಲ್ಲಿ ಇನ್ವೈಟ್ ಕೋಡ್ ಕೊಟ್ಟು ಗೆಳೆಯರನ್ನು ಕರೆಯಬೇಕಾದರೆ ಗ್ಯಾಲಕ್ಸಿ ಓಡುತ್ತಿರಬೇಕು. ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಅಥವಾ ಐಪಿ ವಿಳಾಸ ಹಾಕಿ ಸೇರಿದರೆ ಬೇಡ. ಬೇರೆ ಕೆಲವು ಆಟಗಳಲ್ಲಿ ಐಪಿಯ ದಾರಿಯೂ ಇಲ್ಲ. ಇದಕ್ಕೆ ನಾನು ಜಗಳ ಆಡಲ್ಲ, ಆನ್‌ಲೈನ್‌ನಲ್ಲಿ ಯಾರಾದರೂ ಒಬ್ಬರು ಮಧ್ಯೆ ನಿಂತು ಜೋಡಿಸಬೇಕು. ಆದರೆ ಒಬ್ಬರೇ ಆಡುವ ಆಟದಲ್ಲಿ ಟೋಪಿ, ಅಂಗಿಯಂಥ ಉಡುಗೊರೆಗಳನ್ನು ಲಾಂಚರ್ ಲಾಗಿನ್‌ಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಕೊಂಡ ಆಟದ ಯಾವ ಚೂರಿಗೂ ಬೀಗ ಇರಬಾರದು ಅಲ್ವಾ?

ಎಲ್ಲ ಅಂಗಡಿಗಳ ಆಟಗಳನ್ನೂ ಒಂದೇ ಕಿಟಕಿಯಲ್ಲಿ ತೋರಿಸುತ್ತೇವೆ ಅಂತ 2019ರಲ್ಲಿ ಗ್ಯಾಲಕ್ಸಿ 2.0 ಬಂತು. ಯೋಚನೆ ಚೆನ್ನಾಗಿದೆ. ಬೇರೆ ಅಂಗಡಿಗಳ ಜೊತೆ ಮಾತಾಡುವ ಪ್ಲಗಿನ್‌ಗಳಲ್ಲಿ ಬಹಳಷ್ಟನ್ನು ಬಿಡುವಿನಲ್ಲಿ ಬರೆಯುವವರು ಆಸಕ್ತರು. ಆಚೆಯ ಅಂಗಡಿ ಲಾಗಿನ್ ರೀತಿ ಬದಲಿಸಿದರೆ ಪ್ಲಗಿನ್ ನಿಲ್ಲುತ್ತದೆ. ಯಾರಾದರೂ ಸರಿಮಾಡುವ ತನಕ ಕಾಯಬೇಕು. ಒಂದೇ ಪಟ್ಟಿ ಬೇಕು ಅನ್ನುವವರು ವಿಂಡೋಸ್‌ನಲ್ಲಿ ಪ್ಲೇನೈಟ್ ಕೂಡ ನೋಡಿ. ನನಗೆ ಈ ಪಟ್ಟಿಯ ಹುಚ್ಚು ಆರು ತಿಂಗಳಲ್ಲಿ ಬಿಟ್ಟುಹೋಯಿತು. ಆಡದೆ ಬಿದ್ದಿರುವ ಆಟಗಳೆಲ್ಲ ಒಂದೇ ಕಡೆ ಕಂಡರೆ ಖುಷಿಗಿಂತ ನಾಚಿಕೆಯೇ ಜಾಸ್ತಿ.

ಲಿನಕ್ಸ್‌ನಲ್ಲಿ ನಾನು ಬಳಸುವುದು ಹೀರೋಯಿಕ್. ಗ್ಯಾಲಕ್ಸಿ ಬಂದದ್ದು ವಿಂಡೋಸ್‌ಗೆ ಮತ್ತು ಮ್ಯಾಕ್‌ಗೆ. ಹೀರೋಯಿಕ್ ಜಿಒಜಿಯ ಆಟಗಳನ್ನು ಇಳಿಸಿ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಅಥವಾ ಪ್ರೋಟಾನ್ ಮೂಲಕ ಓಡಿಸುತ್ತದೆ. ಇಲ್ಲಿ ಲಾಂಚರ್ ಇಲ್ಲದೆ ಕೈಯಲ್ಲೇ ಮಾಡುತ್ತೇನೆ ಅಂತ ಹಟ ಹಿಡಿಯುವುದು ಸುಮ್ನೆ ತಲೆನೋವು. ಪ್ರತಿ ಆಟಕ್ಕೂ ಯಾವ ವೈನ್, ಯಾವ ಫೋಲ್ಡರ್ ಅಂತ ನೆನಪಿಟ್ಟುಕೊಳ್ಳುವವರು ಯಾರು?

ಭಾರದ ವಿಷಯ ಹೇಳಲೇಬೇಕು. ಈ ಲಾಂಚರ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಒಂದು ಬ್ರೌಸರ್ ಕೂತಿದೆ. ನೂರಾರು ಎಂಬಿ ಮೆಮೊರಿ ತಿನ್ನುತ್ತವೆ. ಕಂಪ್ಯೂಟರ್ ಜೊತೆಗೇ ಶುರುವಾಗುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಕ್ಲೋಸ್ ಒತ್ತಿದರೂ ಕೆಳಗೆ ಗಡಿಯಾರದ ಪಕ್ಕ ಅಡಗಿರುತ್ತವೆ, ಅಲ್ಲಿಂದ ಪೂರ್ತಿ ಹೊರಗೆ ಕಳಿಸಿ. ಹೊಸ ಕಂಪ್ಯೂಟರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಎಂಟು ಜಿಬಿ ರ್‍ಯಾಮ್‌ನ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಲಾಂಚರ್‌ಗೂ ವಯಸ್ಸಾಗುತ್ತದೆ ಅನ್ನುವುದು ಇನ್ನೊಂದು ವಿಷಯ. ಕಡ್ಡಾಯ ಲಾಂಚರ್ ಇರುವ ಆಟದಂಗಡಿ ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿತು. ಆಟ ಹಳೆಯ ಕಂಪ್ಯೂಟರ್‌ನಲ್ಲಿ ಓಡುತ್ತದೆ, ಆಟ ಕೊಡುವವನು ಬರುವುದಿಲ್ಲ. ಐಚ್ಛಿಕ ಲಾಂಚರ್‌ಗಳೂ ಒಂದು ದಿನ ಹೀಗೇ ಹಳೆಯ ಕಂಪ್ಯೂಟರ್ ಕೈಬಿಡುತ್ತವೆ. ಆಗ ಉಳಿಯುವುದು ನಿಮ್ಮ ಡಿಸ್ಕ್‌ನಲ್ಲಿರುವ ಇನ್‌ಸ್ಟಾಲರ್ ಮಾತ್ರ. ಲಾಂಚರ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಫೋಲ್ಡರನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಎಷ್ಟೋ ಆಟ ಓಡುತ್ತವೆ. ಕೆಲವಕ್ಕೆ ಮೈಕ್ರೋಸಾಫ್ಟ್‌ನ ರನ್‌ಟೈಮ್ ಫೈಲ್‌ಗಳು ಬೇಕು, ಅವನ್ನು ಹಾಕುವುದು ಇನ್‌ಸ್ಟಾಲರ್‌ನ ಕೆಲಸ.

ಇನ್‌ಸ್ಟಾಲರ್ ಇಳಿಸುವಾಗ ನಾನು ಮಾಡಿದ ಪೆದ್ದುತನ ನೀವು ಮಾಡಬೇಡಿ. ದೊಡ್ಡ ಆಟ ಒಂದು ಇಎಕ್ಸ್‌ಇ, ಜೊತೆಗೆ ನಾಲ್ಕು ಜಿಬಿ ಒಳಗಿನ ಬಿನ್ ಫೈಲ್‌ಗಳು, ಹೀಗೆ ತುಂಡುತುಂಡಾಗಿ ಬರುತ್ತದೆ. ಹಳೆಯ ಫ್ಯಾಟ್32 ಡಿಸ್ಕ್‌ನಲ್ಲೂ ಹಿಡಿಸಲಿ ಅಂತ ಇರಬೇಕು, ಅದರಲ್ಲಿ ನಾಲ್ಕು ಜಿಬಿಗಿಂತ ದೊಡ್ಡ ಫೈಲ್ ನಿಲ್ಲುವುದಿಲ್ಲ. ನಾನು ಒಂದು ಸಲ ಇಎಕ್ಸ್‌ಇ ಮಾತ್ರ ಎತ್ತಿಟ್ಟು, ಬಿನ್‌ಗಳನ್ನು ಕಸ ಅಂತ ಅಳಿಸಿಬಿಟ್ಟೆ. ಎರಡು ವರ್ಷ ಆದ ಮೇಲೆ ತೆರೆದಾಗ, ಮುಂದಿನ ಡಿಸ್ಕ್ ಎಲ್ಲಿ ಅಂತ ಕೇಳಿತು! ಈಗ ಪ್ರತಿ ಆಟಕ್ಕೂ ಒಂದು ಫೋಲ್ಡರ್, ಅದರ ಹೆಸರಲ್ಲಿ ಆವೃತ್ತಿ ಮತ್ತು ತಾರೀಖು. ಗ್ಯಾಲಕ್ಸಿಯ ಎಕ್ಸ್‌ಟ್ರಾಸ್ ಭಾಗದಿಂದಲೇ ಈ ಇನ್‌ಸ್ಟಾಲರ್‌ಗಳನ್ನು ಇಳಿಸಬಹುದು. ಬ್ರೌಸರ್‌ನಲ್ಲಿ ಇಪ್ಪತ್ತು ತುಂಡು ಕ್ಲಿಕ್ ಮಾಡುವ ಕಷ್ಟ ತಪ್ಪುತ್ತದೆ. ಲಾಂಚರ್ ಬೇಡ ಅನ್ನುವವರಿಗೂ ಈ ಒಂದು ಕೆಲಸಕ್ಕೆ ಅದು ಬೇಕಾಗಬಹುದು, ತಮಾಷೆ ನೋಡಿ.

ಹಾಗಾಗಿ ಇನ್ನೂ ರಿಪೇರಿ ಆಗುತ್ತಿರುವ ದೊಡ್ಡ ಆಟ ಒಂದು, ಮಾಡ್ ಹಾಕಿರುವುದು ಒಂದು, ಗೆಳೆಯರ ಜೊತೆ ಆಡುವುದು ಒಂದು. ಈ ಮೂರು ಲಾಂಚರ್‌ನಲ್ಲಿವೆ. ಉಳಿದ ಎಂಟು ಅದರ ಹಂಗಿಲ್ಲದೆ ಆರಾಮಾಗಿವೆ. ಒಂದೇ ಕೊರಗು, ಶಾರ್ಟ್‌ಕಟ್‌ನಿಂದ ಆಡಿದ ಗಂಟೆಗಳು ಲಾಂಚರ್‌ನ ಲೆಕ್ಕಕ್ಕೆ ಸೇರುವುದಿಲ್ಲ. ನಾನು ಅತಿ ಹೆಚ್ಚು ಆಡಿದ ಹಳೆಯ ಆಟದ ಮುಂದೆ ಅದು ಇವತ್ತಿಗೂ ಮೂರು ಗಂಟೆ ಅಂತ ತೋರಿಸುತ್ತದೆ. ಆ ಮೂರನ್ನು ನೋಡಿದಾಗೆಲ್ಲ ಯಾಕೋ ಸ್ವಲ್ಪ ಹೊಟ್ಟೆ ಉರಿಯುತ್ತದೆ.