ರಸ್ಟ್‌ನಲ್ಲಿ ಎಸ್‌ಓ ಫೈಲ್ ಲೋಡ್ ಮಾಡಲು ಯಾವುದು: ಲಿಬ್‌ಲೋಡಿಂಗ್, ಡಿಎಲ್‌ಓಪನ್2, ಬರೀ ಲಿಬ್‌ಸಿ?

ಎಸ್‌ಓ ಫೈಲ್ ಎಂದರೆ ಪ್ರೋಗ್ರಾಮ್ ಓಡುವಾಗಲೇ ತೆರೆದುಕೊಳ್ಳಬಹುದಾದ ಲೈಬ್ರರಿ. ಲಿಬ್‌ಲೋಡಿಂಗ್, ಡಿಎಲ್‌ಓಪನ್2 ಆ ಕೆಲಸದ ಕ್ರೇಟ್‌ಗಳು, ಅಂದರೆ ರಸ್ಟ್ ಪ್ಯಾಕೇಜ್‌ಗಳು. ಬರೀ ಲಿಬ್‌ಸಿ ಅಂದರೆ ಸಿ ಲೈಬ್ರರಿಯ ಡಿಎಲ್‌ಓಪನ್ (ತೆರೆಯಲು), ಡಿಎಲ್‌ಸಿಮ್ (ಹೆಸರಿನಿಂದ ಫಂಕ್ಷನ್ ಹುಡುಕಲು), ಡಿಎಲ್‌ಕ್ಲೋಸ್ (ಮುಚ್ಚಲು) ಇವನ್ನು ನೇರವಾಗಿ ಕರೆಯುವುದು. ನನ್ನ ಆಯ್ಕೆ ಲಿಬ್‌ಲೋಡಿಂಗ್. ಶಿವಮೊಗ್ಗ ಸುತ್ತಿನ ಅಡಿಕೆ ಮಂಡಿಗಳಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲದರ ತೂಕ ದಾಖಲಿಸುವ ಲಿನಕ್ಸ್ ಪ್ರೋಗ್ರಾಮಿಗೆ ಮೂರನ್ನೂ ಹಾಕಿ ನೋಡಿದ ಮೇಲಿನ ಮಾತಿದು. ಎಲೆಕ್ಟ್ರಾನಿಕ್ ತಕ್ಕಡಿ ಒಂದೊಂದು ಮಂಡಿಯಲ್ಲಿ ಒಂದೊಂದು ಕಂಪನಿಯದು. ಸೀರಿಯಲ್ ಪೋರ್ಟಿಗೆ ಅವು ಕಳಿಸುವ ಸಾಲಿನ ರೂಪವೂ ಬೇರೆ ಬೇರೆ. ಹಾಗಾಗಿ ತಕ್ಕಡಿಗೊಂದು ಎಸ್‌ಓ ಫೈಲ್, ಅದೇ ಪ್ಲಗಿನ್. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ನೆಟ್ ಕೈಕೊಟ್ಟಾಗ ಇಡೀ ಪ್ರೋಗ್ರಾಮ್ ಕಳಿಸುವ ಬದಲು ಆ ಚಿಕ್ಕ ಫೈಲ್ ಒಂದನ್ನೇ ಕಳಿಸಿದರೆ ಸಾಕು.

ಬರೀ ಲಿಬ್‌ಸಿ ಹಿಡಿದರೆ ಹೆಸರನ್ನು ಸಿ-ಸ್ಟ್ರಿಂಗ್ ಮಾಡುವುದು, ಡಿಎಲ್‌ಸಿಮ್‌ಗೆ ಮೊದಲು ಡಿಎಲ್‌ಎರರ್ ಕರೆದು ಹಳೆಯ ದೋಷ ಅಳಿಸುವುದು, ಸಿಕ್ಕ ಪಾಯಿಂಟರನ್ನು ಟ್ರಾನ್ಸ್‌ಮ್ಯೂಟ್ ಮಾಡುವುದು (ಫಂಕ್ಷನ್ ಪಾಯಿಂಟರಾಗಿ ಬದಲಿಸುವುದು) ಎಲ್ಲ ನಿಮ್ಮ ತಲೆಗೇ. ಇನ್ನೊಂದು ಕ್ರೇಟ್ ಬೇಡವೇ ಬೇಡ ಎನ್ನುವವರಿಗೆ ಮಾತ್ರ ಸರಿ.

ಡಿಎಲ್‌ಓಪನ್2ರಲ್ಲಿ ಸ್ಟ್ರಕ್ಟ್ ಬರೆದು ರ‍್ಯಾಪರ್‌ಎಪಿಐ ಡಿರೈವ್ ಮಾಡಿದರೆ, ಅಂದರೆ ಬೇಕಾದ ಕೋಡನ್ನು ಮ್ಯಾಕ್ರೋದಿಂದ ತಾನಾಗಿಯೇ ಬರೆಸಿಕೊಂಡರೆ, ಎಲ್ಲ ಫಂಕ್ಷನ್‌ಗಳೂ ಲೋಡ್ ಆಗುವಾಗಲೇ ಸಿಗುತ್ತವೆ. ಒಂದು ಇಲ್ಲದಿದ್ದರೂ ಅಲ್ಲೇ ತಿಳಿಯುತ್ತದೆ. ಒಳ್ಳೆಯ ಗುಣ. ಆದರೆ ತಕ್ಕಡಿಗೆ ಬೇಕಾದದ್ದು ತೆರೆ, ಓದು, ಮುಚ್ಚು ಎಂಬ ಮೂರೇ ಫಂಕ್ಷನ್. ಅಷ್ಟಕ್ಕೆ ಮ್ಯಾಕ್ರೋ ಯಾಕೆ?

ಲಿಬ್‌ಲೋಡಿಂಗ್‌ನಲ್ಲಿ ಸಿಂಬಲ್‌ನ (ಹುಡುಕಿ ಸಿಕ್ಕ ಫಂಕ್ಷನ್ನಿನ) ಆಯುಸ್ಸು ಲೈಬ್ರರಿಗೆ ಕಟ್ಟಿಕೊಂಡಿರುವುದರಿಂದ ಎರಡನ್ನೂ ಒಂದೇ ಸ್ಟ್ರಕ್ಟಿನಲ್ಲಿಡಲು ಕಂಪೈಲರ್ ಬಿಡುವುದಿಲ್ಲ. ಸಿಂಬಲ್‌ಗೆ ನಕ್ಷತ್ರ (*) ಹಾಕಿ ಫಂಕ್ಷನ್ ಪಾಯಿಂಟರನ್ನು ನಕಲು ಮಾಡಿಕೊಳ್ಳಿ, ಲೈಬ್ರರಿಯನ್ನು ಕೊನೆಯ ಫೀಲ್ಡ್ ಮಾಡಿ. ಫೀಲ್ಡ್‌ಗಳು ಬರೆದ ಕ್ರಮದಲ್ಲೇ ಡ್ರಾಪ್ ಆಗುತ್ತವೆ (ಬಿಡುಗಡೆಯಾಗುತ್ತವೆ), ಹಾಗಾಗಿ ಡ್ರಾಪ್‌ನಲ್ಲಿ ಪ್ಲಗಿನ್ನಿನ ‘ಮುಚ್ಚು’ ಕರೆಯುವ ಹ್ಯಾಂಡಲ್ ಲೈಬ್ರರಿಗಿಂತ ಮೊದಲೇ ಹೋಗಬೇಕು.

ನಿಜವಾದ ಕಾಟ ಪ್ರೋಗ್ರಾಮ್ ನಿಲ್ಲಿಸದೆ ಪ್ಲಗಿನ್ ಬದಲಿಸುವಾಗ. ಹೊಸ ಫೈಲನ್ನು ಹಳೆಯದರ ಮೇಲೆ ಸಿಪಿ (ನಕಲು) ಮಾಡಿದರೆ ಅದೇ ಐನೋಡ್, ಅಂದರೆ ಡಿಸ್ಕಿನಲ್ಲಿರುವ ಅದೇ ಫೈಲ್, ಖಾಲಿಯಾಗಿ ಮತ್ತೆ ತುಂಬುತ್ತದೆ. ಆ ಫೈಲ್ ಮೆಮೊರಿಗೆ ಮ್ಯಾಪ್ ಆಗಿಯೇ ಇರುತ್ತದೆ, ಚೀಲ ತಕ್ಕಡಿ ಮೇಲಿರುವಾಗಲೇ ಪ್ರೋಗ್ರಾಮ್ ಸಾಯುತ್ತದೆ. ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಇಳಿಸಿ ಎಂವಿ ಮಾಡಿದರೆ (ಹಳೆಯ ಹೆಸರಿಗೆ ಬದಲಿಸಿದರೆ) ಐನೋಡ್ ಬೇರೆಯಾಗುತ್ತದೆ, ಸಾಯುವುದಿಲ್ಲ.

ಆದರೂ ಮುಚ್ಚಿ ಮತ್ತೆ ತೆರೆದ ಮೇಲೂ ಹಳೆಯ ಕೋಡೇ ಓಡುತ್ತಿರುತ್ತದೆ! ರಸ್ಟ್‌ನಲ್ಲಿ ಬರೆದ ಪ್ರತಿ ಸಿಡೈಲಿಬ್ (ಸಿ ರೀತಿಯ ಎಸ್‌ಓ ಫೈಲ್) ತನ್ನದೇ ಸ್ಟ್ಯಾಂಡರ್ಡ್ ಲೈಬ್ರರಿ ಹೊತ್ತಿರುತ್ತದೆ. ಅದರೊಳಗೆ ಡಿಸ್ಟ್ರಕ್ಟರ್ (ಕೊನೆಯಲ್ಲಿ ಓಡುವ ಶುಚಿ ಕೋಡ್) ಇರುವ ಥ್ರೆಡ್-ಲೋಕಲ್, ಅಂದರೆ ಥ್ರೆಡ್ಡಿಗೊಂದು ಪ್ರತಿ ಇರುವ ವೇರಿಯಬಲ್, ಒಂದು ಬಳಕೆಯಾದರೂ ಸಾಕು, ಆ ಥ್ರೆಡ್ ಮುಗಿಯುವವರೆಗೆ ಜಿಲಿಬ್‌ಸಿ (ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ) ಆ ಲೈಬ್ರರಿಯನ್ನು ಇಳಿಸುವುದಿಲ್ಲ. ಡಿಎಲ್‌ಕ್ಲೋಸ್ ಮಾತ್ರ ಸೊನ್ನೆ ಕೊಟ್ಟು ಎಲ್ಲ ಸರಿಯಿದೆ ಅನ್ನುತ್ತದೆ. ಪ್ಲಗಿನ್ನನ್ನು ಮುಖ್ಯ ಥ್ರೆಡ್ಡಿನಲ್ಲಿ ಕರೆದಿದ್ದರೆ ಪ್ರೋಗ್ರಾಮ್ ಮುಗಿಯುವವರೆಗೂ ಅದು ಅಲ್ಲೇ. ಅದೇ ಪಾತ್‌ನಿಂದ ಮತ್ತೆ ತೆರೆದರೆ ಜಿಲಿಬ್‌ಸಿ ಹೆಸರು ನೋಡಿ ಹಳೆಯದನ್ನೇ ಕೈಗಿಡುತ್ತದೆ.

ಪರಿಹಾರ: ಪ್ರತಿ ಆವೃತ್ತಿಗೂ ಹೊಸ ಫೈಲ್ ಹೆಸರು, ಹಳೆಯದನ್ನು ತಾನಾಗಿ ಡ್ರಾಪ್ ಆಗದಂತೆ ಮ್ಯಾನುಯಲಿ-ಡ್ರಾಪ್‌ನಲ್ಲಿ ಸುತ್ತಿ ಹಾಗೇ ಬಿಡುವುದು. ಸ್ವಲ್ಪ ಮೆಮೊರಿ ಹೋಗುತ್ತದೆ, ಹೋಗಲಿ. ಈ ಕಾಟ ಮೂರಕ್ಕೂ ಒಂದೇ, ಕೆಳಗಿರುವುದು ಅದೇ ಡಿಎಲ್‌ಓಪನ್. ಲಿಬ್‌ಲೋಡಿಂಗ್ ಪದರ ತೆಳು, ಯಾವ ಸಾಲು ಡಿಎಲ್‌ಕ್ಲೋಸ್ ಕರೆಯುತ್ತದೆಂದು ಕಣ್ಣಿಗೆ ಕಾಣುತ್ತದೆ. ನನಗೆ ಅದೇ ಮುಖ್ಯ.

ಪಾತ್‌ನಲ್ಲಿ ಒಂದಾದರೂ ಸ್ಲ್ಯಾಶ್ ಇರಲಿ. ಬರೀ ಹೆಸರು ಕೊಟ್ಟರೆ ಈಗಿರುವ ಫೋಲ್ಡರಿನಲ್ಲಿ ಹುಡುಕುವುದಿಲ್ಲ. ಲಿಬ್‌ಲೋಡಿಂಗ್ ಯುನಿಕ್ಸ್‌ನಲ್ಲಿ ಲೇಜಿಯಾಗಿ ತೆರೆಯುತ್ತದೆ, ಅಂದರೆ ಲೈಬ್ರರಿಗೆ ಬೇಕಾದ ಹೊರಗಿನ ಫಂಕ್ಷನ್‌ಗಳನ್ನು ಕರೆದಾಗಷ್ಟೇ ಹುಡುಕುತ್ತದೆ; ತಕ್ಕಡಿ ಕಂಪನಿಯ ಸಿ ಲೈಬ್ರರಿಗಳಿಗೆ ಓಎಸ್-ಯುನಿಕ್ಸ್ ಮಾಡ್ಯೂಲಿನ ಓಪನ್ ಬಳಸಿ ಆರ್‌ಟಿಎಲ್‌ಡಿ-ನೌ (ಎಲ್ಲವನ್ನೂ ತೆರೆಯುವಾಗಲೇ ಹುಡುಕು) ಕೊಡಿ. ಫಂಕ್ಷನ್ನಿನ ಸಿಗ್ನೇಚರ್ (ಅದರ ಆರ್ಗ್ಯುಮೆಂಟ್, ರಿಟರ್ನ್ ಟೈಪ್‌ಗಳು) ಸರಿಯೇ ಎಂದು ಮೂರರಲ್ಲಿ ಒಂದೂ ನೋಡುವುದಿಲ್ಲ. ರಸ್ಟ್‌ಗೆ ಸ್ಥಿರ ಎಬಿಐ (ಮೆಮೊರಿಯಲ್ಲಿ ದತ್ತಾಂಶ ಇಡುವ, ಫಂಕ್ಷನ್ ಕರೆಯುವ ನಿಯಮ) ಇಲ್ಲ, ಪ್ರೋಗ್ರಾಮ್ ಮತ್ತು ಪ್ಲಗಿನ್ನಿನ ಗಡಿಯಲ್ಲಿ ಸ್ಟ್ರಿಂಗ್, ವೆಕ್ ದಾಟಿಸಬೇಡಿ. ಆವೃತ್ತಿ ಸಂಖ್ಯೆ ಹೇಳುವ ಫಂಕ್ಷನ್ ಒಂದಿಟ್ಟು ಅದನ್ನೇ ಮೊದಲು ಕರೆಯಿರಿ.

ಮಸಲ್‌ನಲ್ಲಿ (ಜಿಲಿಬ್‌ಸಿ ಬದಲಿನ ಚಿಕ್ಕ ಸಿ ಲೈಬ್ರರಿ) ಸ್ಟ್ಯಾಟಿಕ್ ಬಿಲ್ಡ್, ಅಂದರೆ ಎಲ್ಲ ಲೈಬ್ರರಿಯೂ ಪ್ರೋಗ್ರಾಮಿನೊಳಗೇ ಸೇರಿದ ಬಿಲ್ಡ್, ಮಾಡುವವರಿಗೆ ಮೂರೂ ಇಲ್ಲ, ಅಲ್ಲಿ ಡಿಎಲ್‌ಓಪನ್ ನಡೆಯುವುದಿಲ್ಲ. ಇಪ್ಪತ್ತು ಮೂವತ್ತು ಫಂಕ್ಷನ್ನಿನ ಲೈಬ್ರರಿ ಕಟ್ಟಿಕೊಂಡವರು ಡಿಎಲ್‌ಓಪನ್2 ಹಿಡಿಯಿರಿ, ಅಷ್ಟನ್ನು ಕೈಯಲ್ಲಿ ನಕಲು ಮಾಡುತ್ತ ಕೂರುವುದರಲ್ಲಿ ಅರ್ಥವಿಲ್ಲ.