ಒಂದೇ ಹೊಲದಲ್ಲಿ ಮೂರು ಕಡಲೆಕಾಯಿ

ನಮ್ಮದು ಪಾವಗಡ ತಾಲ್ಲೂಕು. ಕೆಂಪು ಮಣ್ಣು, ಬೋರ್ ಇಲ್ಲ, ಮಳೆಯನ್ನೇ ನಂಬಿದ ಹೊಲ. ಬರ ತಡೆಯುವ ತಳಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಬರ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಎರಡು ವರ್ಷ ಮೂರು ತಳಿಗಳನ್ನು ಪಕ್ಕಪಕ್ಕದಲ್ಲಿ, ಜುಲೈ ಮೊದಲಲ್ಲಿ ಬರುವ ಪುನರ್ವಸು ಮಳೆಗೆ ಒಂದೇ ದಿನ ಬಿತ್ತಿ ನೋಡಿದೆ.

ಮೊದಲನೆಯದು ಟಿಎಂವಿ-2. ತಮಿಳುನಾಡಿನ ತಿಂಡಿವನಂನಲ್ಲಿ 1940ರಲ್ಲಿ ಬಂದದ್ದು. ತಾತ ಬಿತ್ತಿದ್ದು ಇದನ್ನೇ, ಅಪ್ಪನೂ ಇದನ್ನೇ. ಎರಡನೆಯದು ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಐಸಿಜಿವಿ 91114. 2006ರಲ್ಲಿ ಪಕ್ಕದ ಅನಂತಪುರದ ರೈತರಿಗೆ ಅಂತ ಬಿಡುಗಡೆಯಾಯಿತು. ಮೂರನೆಯದು ಕದಿರಿ ಲೇಪಾಕ್ಷಿ.

ಮೊದಲ ವರ್ಷ ಹುಬ್ಬೆವರೆಗೂ, ಅಂದರೆ ಸೆಪ್ಟೆಂಬರ್ ನಡುವಿನವರೆಗೂ, ಮಳೆ ಚೆನ್ನಾಗಿತ್ತು. ಉತ್ತರೆ ಬರಲೇ ಇಲ್ಲ, ಹಸ್ತವೂ ಇಲ್ಲ. 91114 ತೊಂಬತ್ತು ದಿನ ದಾಟುತ್ತಿದ್ದಂತೆ ಕೀಳಲು ಬಂತು. ಕಾಯಿ ಎಲ್ಲಾ ಒಂದೇ ಸಲಕ್ಕೆ ಬಲಿತಿತ್ತು. ಟಿಎಂವಿ-2ಕ್ಕೆ ಇನ್ನೂ ಹದಿನೈದು ದಿನ ಬೇಕಿತ್ತು. ಆ ಹದಿನೈದು ದಿನದಲ್ಲೇ ಕೆಟ್ಟಿತು. ಬಳ್ಳಿ ಹಸಿರಾಗಿತ್ತು, ಒಡೆದರೆ ಜಳ್ಳು. ಕಾಯಿ ಬಲಿಯಲು ಬೇಕಾದ ಸುಣ್ಣದ ಅಂಶವನ್ನು ಬೇರು ಕಳಿಸುವುದಿಲ್ಲ, ಕಾಯಿಯೇ ಸುತ್ತಲ ಮಣ್ಣಿಂದ ಹೀರಬೇಕು. ಮೇಲ್ಮಣ್ಣು ಒಣಗಿದರೆ ಆ ಸುಣ್ಣದ ಅಂಶಕ್ಕೆಂದೇ ಹಾಕಿದ ಜಿಪ್ಸಂ ಅಲ್ಲೇ ಇದ್ದರೂ ಕಾಯಿಗೆ ಸಿಗುವುದಿಲ್ಲ. ಲೇಪಾಕ್ಷಿ ಇನ್ನೂ ತಡ. ಗಿಡದ ತುಂಬ ಕಾಯಿ ಇತ್ತು, ಅರ್ಧ ಮಾತ್ರ ತುಂಬಿತ್ತು.

ಒಂದು ಕಷ್ಟ ಹೇಳಲೇಬೇಕು. ನೆಲ ಗಟ್ಟಿಯಾಗಿ 91114 ಕೈಯಲ್ಲಿ ಕೀಳಲು ಬರಲಿಲ್ಲ, ಗುದ್ದಲಿ ಹಿಡಿದೆವು. ಕೂಲಿ ಜಾಸ್ತಿ ಬಿತ್ತು.

ಎರಡನೇ ವರ್ಷ ಎಲ್ಲಾ ತಿರುವುಮುರುವು. ಮಖೆ, ಹುಬ್ಬೆ ಎರಡೂ ಕೈಕೊಟ್ಟವು. ಹೂಡು, ಅಂದರೆ ಹೂವಿನಿಂದ ಮಣ್ಣಿಗಿಳಿದು ತುದಿಯಲ್ಲಿ ಕಾಯಿ ಕಟ್ಟುವ ಸೂಜಿ, ಇಳಿಯುವ ಹೊತ್ತು ಅದು. ಮೂರೂ ಸೊರಗಿದವು. ಹಸ್ತ ಸುರಿದಾಗ ಲೇಪಾಕ್ಷಿ ಮತ್ತೆ ಹೂ ಬಿಟ್ಟು ಎದ್ದು ನಿಂತಿತು. ನನಗೆ ನಿಜಕ್ಕೂ ಆಶ್ಚರ್ಯ. 91114 ಅಷ್ಟರಲ್ಲಿ ಬಲಿತಿತ್ತು. ಐದು ದಿನ ಬಿಡದ ಮಳೆ, ಕೀಳಲು ಆಗಲಿಲ್ಲ, ಕಾಯಿ ನೆಲದಲ್ಲೇ ಮೊಳಕೆ ಒಡೆಯಿತು. ನೋಡಿ ಹೊಟ್ಟೆ ಉರಿಯಿತು. ಆ ವರ್ಷ ಹೆಚ್ಚು ಚೀಲ ಕೊಟ್ಟಿದ್ದು ಲೇಪಾಕ್ಷಿಯೇ. ಆದರೆ ಕಾಳು ಸಣ್ಣ, ಸಿಪ್ಪೆ ದಪ್ಪ ಅಂತ ವ್ಯಾಪಾರಿ ಬೆಲೆ ಇಳಿಸಿದ.

ಮೇವಿನ ಮಾತು ಅಮ್ಮನಿಗೆ ಬಿಟ್ಟದ್ದು. 91114ರ ಬಳ್ಳಿ ಹಾಕಿದರೆ ಹಸು ಕಡ್ಡಿಯನ್ನೂ ಬಿಡುವುದಿಲ್ಲ, ಹಾಲೂ ಸ್ವಲ್ಪ ಏರುತ್ತದೆ ಅನ್ನುತ್ತಾರೆ ಅಮ್ಮ. ಅನಂತಪುರದಲ್ಲಿ ಈ ತಳಿಯ ಮೇವನ್ನು ಪರೀಕ್ಷೆ ಮಾಡಿದವರೂ ಇದನ್ನೇ ಕಂಡಿದ್ದಾರೆ. ಬೆಳೆ ಕೈಕೊಟ್ಟ ವರ್ಷ ಮನೆ ನಡೆಯುವುದು ಹಾಲಿನ ದುಡ್ಡಿನಲ್ಲೇ ಅಲ್ವಾ? ನನ್ನ ಲೆಕ್ಕದಲ್ಲಿ ಇದಕ್ಕೆ ತೂಕ ಜಾಸ್ತಿ.

ಟಿಎಂವಿ-2 ಬಿಡಲು ಅಪ್ಪನಿಗೆ ಮನಸ್ಸಿಲ್ಲ. ರುಚಿ ಇದರದ್ದೇ, ನಾನೂ ಒಪ್ಪುತ್ತೇನೆ. ಮನೆಗೆ ಬೇಕಾದಷ್ಟು ನಾಲ್ಕು ಸಾಲು ಇರಲಿ ಅಂದೆ. ಈ ಸಲ ಮೂರರಲ್ಲಿ ಎರಡು ಪಾಲು 91114, ಉಳಿದದ್ದು ಲೇಪಾಕ್ಷಿ. ಬೀಜ ಆರಿಸಿ ಇಟ್ಟಾಗಿದೆ.